ಹರಿತಾನೇ ಇಲ್ಲದ ಆಯುಧ: ಜಪಾನಿನ ಹಳೇ ಪೊಲೀಸ್ರ ಜಿತ್ತೆ

ಒಂದು ಕಬ್ಬಿಣದ ಸರಳು, ಉದ್ದ ಹೆಚ್ಚೂಕಮ್ಮಿ ಒಂದೂವರೆ ಅಡಿ. ತುದಿ ಮೊಂಡು, ಎಲ್ಲೂ ಅಲಗು ಅಂತ ಇಲ್ಲ. ಹಿಡಿ ಮುಗಿಯೋ ಜಾಗದಲ್ಲಿ ಒಂದೇ ಒಂದು ಕೊಕ್ಕೆ, ಸರಳಿನ ಪಕ್ಕದಲ್ಲೇ ಮೇಲಕ್ಕೆ ಬಾಗಿದೆ. ಹಿಡಿಯ ಬುಡಕ್ಕೆ ಒಂದು ಬಳೆ, ಬಳೆಯಿಂದ ನೇತಾಡೋ ಕೆಂಪು ಕುಚ್ಚು. ಮೊದಲ ಸಲ ಇದರ ಫೋಟೋ ನೋಡಿದಾಗ ಯಾವುದೋ ಗ್ಯಾರೇಜಿನ ಟೂಲಿಗೆ ಯಾರೋ ತಮಾಷೆಗೆ ಸೀರೆ ಕುಚ್ಚು ಕಟ್ಟಿದ್ದಾರೆ ಅಂದ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಇದು ಜಪಾನಿನ ಹಳೇ ಕಾಲದ ಪೊಲೀಸ್ರ ಆಯುಧ, ಹೆಸರು ಜಿತ್ತೆ. ಕೆಲವರು ಜುತ್ತೆ ಅಂತಾನೂ ಅಂತಾರೆ, ಎರಡೂ ಒಂದೇ.

ಬರೆಯೋವಾಗ ಎರಡೇ ಅಕ್ಷರ, ಒಂದರ ಅರ್ಥ ಹತ್ತು, ಇನ್ನೊಂದರ ಅರ್ಥ ಕೈ. ಹತ್ತು ಕೈ! ಹತ್ತು ಕೈಯಷ್ಟು ಕೆಲಸ ಮಾಡತ್ತೆ ಅಂತ ಆ ಹೆಸರು ಅನ್ನೋದು ವಾಡಿಕೆಯಲ್ಲಿರೋ ವಿವರಣೆ. ನೆಟ್ಟಲ್ಲಿ ಇದರ ಬಗ್ಗೆ ಏನು ಓದಿದ್ರೂ ಮೊದಲ ಸಾಲಲ್ಲೇ "ಸಮುರಾಯ್ ಕತ್ತಿ ಮುರಿಯೋ ಆಯುಧ" ಅಂತ ಬರತ್ತೆ, ಓದೋಕೆ ಮಜಾ ಇದೆ ನಿಜ, ಆದ್ರೆ ಈ ಸರಳು ಯಾಕೆ ಹೀಗಿದೆ ಅಂತ ಅರ್ಥ ಆಗ್ಬೇಕು ಅಂದ್ರೆ ಕತ್ತಿಯಿಂದ ಶುರು ಮಾಡಿದ್ರೆ ದಾರಿ ತಪ್ತೀವಿ, ಆ ಊರಿನ ಪೊಲೀಸ್ ವ್ಯವಸ್ಥೆಯಿಂದಾನೇ ಶುರು ಮಾಡ್ಬೇಕು.

ಊರು ಎಡೋ, ಅಂದ್ರೆ ಇವತ್ತಿನ ಟೋಕಿಯೋ. 1603ರಿಂದ 1868ರ ತನಕ ತೊಕುಗಾವಾ ಮನೆತನದ ಶೋಗನ್‌ಗಳು ಇಲ್ಲಿಂದಲೇ ದೇಶ ಆಳಿದ್ದು, ಅದಕ್ಕೇ ಆ ಕಾಲಕ್ಕೂ ಎಡೋ ಅಂತಾನೇ ಹೆಸರು ಬಿತ್ತು. 18ನೇ ಶತಮಾನದ ಹೊತ್ತಿಗೆ ಜನಸಂಖ್ಯೆ ಸುಮಾರು 10 ಲಕ್ಷ, ಅದರಲ್ಲಿ ಅರ್ಧದಷ್ಟು ಜನ ವ್ಯಾಪಾರಿಗಳು, ಕುಶಲಕರ್ಮಿಗಳು, ಕೂಲಿಯವರು, ಹೀಗೆ ಪೇಟೆ ಜನ. ಈ ಪೇಟೆ ಜನರನ್ನ ನೋಡ್ಕೊಳ್ಳೋಕೆ ಮಾಚಿ-ಬುಗ್ಯೋ ಅನ್ನೋ ಅಧಿಕಾರಿ, ಈಗಿನ ಲೆಕ್ಕದಲ್ಲಿ ಮೇಯರು, ಪೊಲೀಸ್ ಕಮಿಷನರು, ಜಡ್ಜು ಮೂರೂ ಒಬ್ಬನೇ. ಅಂಥ ಕಚೇರಿ ಎರಡಿದ್ವು, ಉತ್ತರದ್ದೊಂದು ದಕ್ಷಿಣದ್ದೊಂದು. ಊರನ್ನ ಎರಡು ಭಾಗ ಮಾಡಿ ಹಂಚಿದ್ರು ಅಂದ್ಕೋಬೇಡಿ, ಒಂದು ತಿಂಗಳು ಇವರು ಹೊಸ ಕೇಸು ತಗೊಳ್ತಿದ್ರು, ಮುಂದಿನ ತಿಂಗಳು ಅವರು, ಬಾಗಿಲು ಹಾಕಿದ ಕಚೇರಿಯೋರು ಒಳಗೆ ಕೂತು ಬಾಕಿ ಕೇಸು ಮುಗಿಸ್ತಿದ್ರು.

ಒಂದೊಂದು ಕಚೇರಿಯಲ್ಲಿ ಯೋರಿಕಿ ಅನ್ನೋ ಮೇಲಿನ ದರ್ಜೆಯವರು 25 ಜನ, ಅವರ ಕೈಕೆಳಗೆ ದೋಶಿನ್ ಅನ್ನೋ ಕೆಳದರ್ಜೆ ಸಮುರಾಯ್‌ಗಳು ನೂರು, ನೂರಿಪ್ಪತ್ತು ಜನ. ಇವರಲ್ಲಿ ಬಹುಪಾಲು ಫೈಲು, ಜೈಲು, ಲೆಕ್ಕಪತ್ರ, ಬೆಂಕಿ ಕಾವಲು ಅಂತ ಹಂಚಿಹೋಗಿದ್ರು, ನಿಜವಾಗ್ಲೂ ಬೀದಿ ಸುತ್ತಿ ಕಳ್ಳರನ್ನ ಹಿಡಿಯೋ ದೋಶಿನ್‌ಗಳು ಒಂದು ಕಚೇರಿಗೆ ಬರೀ 14 ಜನ, ಎರಡೂ ಸೇರಿ 28. ಐದು ಲಕ್ಷ ಪೇಟೆ ಜನಕ್ಕೆ 28 ಜನ ಬೀಟು! ಅದು ಹೇಗೆ ನಡೀತಿತ್ತು ಅಂದ್ರೆ ಕೇರಿ ಕೇರಿಗೂ ಜನರೇ ನಡೆಸೋ ಕಾವಲು ಮನೆ ಇತ್ತು, ರಾತ್ರಿ ಸುಮಾರು ಹತ್ತು ಗಂಟೆಗೆ ಕೇರಿಯ ಗೇಟು ಮುಚ್ಚಿಬಿಡ್ತಿದ್ರು, ಓಡೋನು ಎಲ್ಲಿಗೆ ಓಡ್ತಾನೆ. ಜೊತೆಗೆ ಬಾತ್ಮೀದಾರರ ದೊಡ್ಡ ಜಾಲ, ಅವರ ಕಥೆ ಆಮೇಲೆ.

ಈ ದೋಶಿನ್ ಸೊಂಟದಲ್ಲಿ ಕತ್ತಿ ಇರ್ತಿತ್ತು, ಅವನೂ ಸಮುರಾಯೇ ತಾನೇ. ಹಾಗಿದ್ಮೇಲೆ ಕತ್ತಿ ಬಿಟ್ಟು ಮೊಂಡು ಸರಳು ಯಾಕೆ ಹಿಡೀಬೇಕು ಅಂದ್ರೆ ಕಳ್ಳ ಜೀವಂತ ಬೇಕು. ಕರುಣೆ ಅಂತ ಅಲ್ಲ, ಆ ಕಾಲದ ನ್ಯಾಯದಲ್ಲಿ ಆರೋಪಿಯ ಬಾಯಿಂದ ತಪ್ಪೊಪ್ಪಿಗೆ ಬರೋದು ಬಹಳ ಮುಖ್ಯ, ಕೇಸು ನಿಲ್ಲೋದೇ ಅದರ ಮೇಲೆ. ಅದನ್ನ ಹೊರಡಿಸೋಕೆ ಚಿತ್ರಹಿಂಸೆನೂ ಕೊಡ್ತಿದ್ರು, ಆ ವಿಷಯದಲ್ಲಿ ಯಾರಿಗೂ ಭ್ರಮೆ ಬೇಡ. ಬೀದಿಯಲ್ಲೇ ಕಡಿದು ಹಾಕಿದ್ರೆ ಹೇಳಿಕೆ ಇಲ್ಲ, ಜೊತೆಗಾರರ ಹೆಸರು ಇಲ್ಲ, ಕದ್ದ ಮಾಲು ಎಲ್ಲಿದೆ ಅನ್ನೋದೂ ಇಲ್ಲ. ಎಷ್ಟರಮಟ್ಟಿಗೆ ಅಂದ್ರೆ ದಾಳಿಗೆ ಹೋಗೋವಾಗ ದೋಶಿನ್‌ಗಳು ಒಯ್ಯೋ ಕತ್ತಿಯ ಅಲಗನ್ನೂ ಬೇಕಂತಲೇ ಉಜ್ಜಿ ಮೊಂಡು ಮಾಡಿರ್ತಿದ್ರು. ಈ ಲೆಕ್ಕ ತಲೇಲಿಟ್ಕೊಂಡು ಜಿತ್ತೆ ನೋಡಿ, ಒಂದೊಂದು ಭಾಗಕ್ಕೂ ಅರ್ಥ ಸಿಗತ್ತೆ.

ಮೊದಲು ಸರಳು. ಜಪಾನಿಯಲ್ಲಿ ಬೋಶಿನ್ ಅಂತಾರೆ. ಕೆಲವು ದುಂಡಗೆ, ಕೆಲವು ಆರು ಮೂಲೆ, ಎಂಟು ಮೂಲೆಯವು. ಮೂಲೆ ಇದ್ರೆ ಏಟು ಬಿದ್ದಾಗ ಅದೇ ತೂಕಕ್ಕೆ ಜಾಸ್ತಿ ನೋವು, ಯಾಕಂದ್ರೆ ಪೂರ್ತಿ ಬಲ ಒಂದು ಸಣ್ಣ ಗೆರೆ ಮೇಲೆ ಬೀಳತ್ತೆ. ಹೆಚ್ಚಿನವು ಕಬ್ಬಿಣದ್ದು, ಹಿತ್ತಾಳೆಯವೂ ಇವೆ, ಮರದ್ದೂ ಇವೆ. ಹೊಡೆಯೋ ಜಾಗ ಮಣಿಕಟ್ಟು, ಮೊಣಕೈ, ಭುಜದ ಎಲುಬು, ಮೊಣಕಾಲು, ಎಲ್ಲಿ ಚರ್ಮದ ಕೆಳಗೇ ಎಲುಬು ಸಿಗತ್ತೋ ಅಲ್ಲಿ. ತುದಿಯಿಂದ ಹೊಟ್ಟೆಗೆ ತಿವಿದ್ರೆ ಉಸಿರು ಕಟ್ಟತ್ತೆ, ತೂತು ಬೀಳಲ್ಲ. ಒಂದೂವರೆ ಅಡಿಯಷ್ಟೇ ಯಾಕೆ ಅಂದ್ರೆ ಎಡೋದ ಬಡವರ ಸಾಲುಮನೆಗಳು, ಅಲ್ಲಿನ ಓಣಿಗಳು, ಸೂರು ತಗ್ಗಿರೋ ಹೋಟ್ಲುಗಳು, ಅಂಥ ಇಕ್ಕಟ್ಟಲ್ಲಿ ಉದ್ದನೇ ಆಯುಧ ಬೀಸೋಕೆ ಹೋದ್ರೆ ಗೋಡೆಗೋ ತೊಲೆಗೋ ಸಿಕ್ಕಿಹಾಕ್ಕೊಳತ್ತೆ. ಇನ್ನೊಂದು ಕಾರಣ, ಇದು ಒಂದೇ ಕೈಲಿ ಹಿಡಿಯೋ ಆಯುಧ, ಇನ್ನೊಂದು ಕೈ ಖಾಲಿ ಇರ್ಲೇಬೇಕು, ಯಾಕಂದ್ರೆ ಹಿಡಿಯೋದು, ಕಟ್ಟೋದು ಎಲ್ಲಾ ಆ ಕೈ ಕೆಲಸ.

ಈಗ ಕೊಕ್ಕೆ. ಇದಕ್ಕೆ ಕಗಿ ಅಂತ ಹೆಸರು, ತಮಾಷೆ ಅಂದ್ರೆ ಜಪಾನಿಯಲ್ಲಿ ಬೀಗದ ಕೈಗೂ ಕಗಿ ಅಂತಾನೇ ಅನ್ನೋದು. ಸರಳಿಗೆ ತೂತು ಕೊರೆದು ಕೊಕ್ಕೆಯ ಬುಡವನ್ನ ಅದರೊಳಗೆ ತೂರಿಸಿ ಆಚೆ ಕಡೆಯಿಂದ ಬಡಿದು ಚಪ್ಪಟೆ ಮಾಡ್ತಿದ್ರು, ನಮ್ಮ ಕಮ್ಮಾರರು ರಿವಿಟ್ ಹೊಡೀತಾರಲ್ಲ ಹಾಗೇ. ಒಳ್ಳೇ ಕೆಲಸಗಾರ ಮಾಡಿದ್ದಾದ್ರೆ ಕೊಕ್ಕೆ ಬುಡದಲ್ಲಿ ಸೇವಂತಿಗೆ ಹೂವಿನ ಆಕಾರದ ಒಂದು ಸಣ್ಣ ಬಿಲ್ಲೆನೂ ಇರ್ತಿತ್ತು, ಚಂದಕ್ಕೆ ಚಂದ, ಬುಡಕ್ಕೂ ಗಟ್ಟಿ. ಬೀಳೋ ಒತ್ತಡ ಎಲ್ಲಾ ಈ ಜಾಯಿಂಟ್ ಮೇಲೇ, ಹಾಗಾಗಿ ಜಿತ್ತೆ ಗುಣಮಟ್ಟ ನೋಡ್ಬೇಕು ಅಂದ್ರೆ ಈ ಜಾಗ ನೋಡಿದ್ರೆ ಸಾಕು.

ಕತ್ತಿ ಮುರಿಯೋ ಕಥೆಗೆ ಬರೋಣ. ಸಿನಿಮಾದಲ್ಲಿ ತೋರ್ಸೋ ಹಾಗೆ ಕತ್ತಿ ಮೇಲಿಂದ ಬರತ್ತೆ, ಜಿತ್ತೆ ಅಡ್ಡ ಹಿಡೀತಾನೆ, ಕೊಕ್ಕೆಗೆ ಸಿಗಿಸ್ತಾನೆ, ತಿರುಚ್ತಾನೆ, ಟಣ್ ಅಂತ ಕತ್ತಿ ಎರಡು ತುಂಡು. ನಂಗಂತೂ ಇದು ನಂಬೋಕಾಗಲ್ಲ. ಎರಡು ಕೈಲಿ ಬಲ ಹಾಕಿ ಬೀಸಿದ ಕತಾನಾನ, ಅಂದ್ರೆ ಸಮುರಾಯ್‌ಗಳ ಉದ್ದ ಕತ್ತೀನ, ಒಂದು ಕೈಲಿ ಹಿಡಿದ ಸರಳಿಂದ ನೇರ ತಡೆದ್ರೆ ಮೊದಲು ಹೋಗೋದು ನಿಮ್ಮ ಮಣಿಕಟ್ಟು. ಅದಕ್ಕೇ ಏಟನ್ನ ನಿಲ್ಲಿಸೋಕೆ ಹೋಗ್ಬಾರ್ದು, ದಾರಿ ತಪ್ಪಿಸ್ಬೇಕು. ದೇಹವನ್ನ ಪಕ್ಕಕ್ಕೆ ಸರಿಸ್ತಾ ಸರಳನ್ನ ಓರೆಯಾಗಿ ಕೊಟ್ರೆ ಕತ್ತಿ ಅದರ ಮೇಲೆ ಜಾರ್ತಾ ಕೆಳಗೆ ಬರತ್ತೆ. ಜಾರ್ತಾ ಜಾರ್ತಾ ನೇರವಾಗಿ ಬೆರಳ ಮೇಲೇ ಬರ್ತಿತ್ತು, ಅಲ್ಲಿ ಕೊಕ್ಕೆ ತಡೆಯತ್ತೆ. ಅಂದ್ರೆ ಕೊಕ್ಕೆಯ ಮೊದಲ ಕೆಲಸ ನಿಮ್ಮ ಬೆರಳು ಉಳಿಸೋದು.

ಎರಡನೇ ಕೆಲಸ ಅದೇ ಕ್ಷಣದಲ್ಲಿ. ಕತ್ತಿ ಈಗ ಸರಳಿಗೂ ಕೊಕ್ಕೆಗೂ ನಡುವಿನ ಸಂದಿಗೆ ಬಂದು ಕೂತಿದೆ. ಕತಾನಾದ ಬೆನ್ನಿನ ದಪ್ಪ ಸುಮಾರು 6-7 ಮಿಲಿಮೀಟರ್, ಸಂದು ಅದಕ್ಕಿಂತ ಒಂಚೂರು ಜಾಸ್ತಿ ಅಷ್ಟೇ. ಮಣಿಕಟ್ಟು ತಿರುಗಿಸಿದ ತಕ್ಷಣ ಅಲಗಿನ ಒಂದು ಮಗ್ಗುಲು ಸರಳಿಗೆ, ಇನ್ನೊಂದು ಮಗ್ಗುಲು ಕೊಕ್ಕೆಗೆ ಒತ್ತಿ ಕಚ್ಚಿಕೊಳ್ಳತ್ತೆ. ಬಾಗಿಲ ಸಂದಿಗೆ ಸ್ಕೇಲು ಸಿಕ್ಕಿ ಹಾಕಿಸಿ ಓರೆ ಮಾಡಿದ್ರೆ ಹೇಗೆ ಅಲ್ಲಾಡದೆ ನಿಲ್ಲತ್ತೋ ಹಾಗೆ.

ಇಲ್ಲಿ ಒಂದು ಸಣ್ಣ ಲೆಕ್ಕ ಇದೆ, ನಂಗೆ ಈ ಆಯುಧದಲ್ಲಿ ತುಂಬಾ ಇಷ್ಟ ಆಗಿದ್ದೇ ಇದು. ಕತ್ತಿ ಸಿಕ್ಕಿರೋ ಜಾಗ ಜಿತ್ತೆ ಹಿಡಿದೋನ ಕೈಯಿಂದ ಸುಮಾರು 5 ಸೆಂಟಿಮೀಟರ್ ದೂರ ಅಂದ್ಕೊಳ್ಳಿ. ಅದೇ ಜಾಗ ಕತ್ತಿ ಹಿಡಿದೋನ ಕೈಯಿಂದ ಎಷ್ಟು ದೂರ? ಅಲಗಿನ ಉದ್ದ 70 ಸೆಂಟಿಮೀಟರ್ ಆಸುಪಾಸು, ಸಿಕ್ಕಿರೋದು ತುದಿ ಕಡೆಯ ಭಾಗ, ಹಾಗಾಗಿ 50 ಸೆಂಟಿಮೀಟರ್ ಅಂತ ಹಿಡಿಯೋಣ. ಅಲ್ಲಿ ಬೀಳೋ ಒಂದೇ ಒತ್ತಡಕ್ಕೆ ಅವನ ಕೈ ಮೇಲೆ ಬೀಳೋ ತಿರುಚು ನಿಮ್ಮ ಕೈ ಮೇಲೆ ಬೀಳೋದಕ್ಕಿಂತ ಹತ್ತು ಪಟ್ಟು. ಹತ್ತು ಕೈ! ಹೆಸರು ಇಟ್ಟೋರು ಈ ಲೆಕ್ಕ ಹಾಕಿರಲ್ಲ ಬಿಡಿ, ಕಾಕತಾಳೀಯ, ಆದ್ರೂ ಎಷ್ಟು ಚೆನ್ನಾಗಿ ಕೂರತ್ತೆ ನೋಡಿ. ನಂಬಿಕೆ ಬರ್ಲಿಲ್ಲ ಅಂದ್ರೆ ಮನೇಲಿ ಮಾಪ್ ಕೋಲು ತಗೊಂಡು ಒಂದು ತುದಿಯನ್ನ ಎರಡೂ ಕೈಲಿ ಗಟ್ಟಿಯಾಗಿ ಹಿಡ್ಕೊಳ್ಳಿ, ಇನ್ನೊಂದು ತುದಿ ಹತ್ರ ಮನೆಯ ಚಿಕ್ಕ ಮಗೂಗೆ ಎರಡೇ ಬೆರಳಲ್ಲಿ ಪಕ್ಕಕ್ಕೆ ತಳ್ಳೋಕೆ ಹೇಳಿ. ನಾನು ಮಾಡಿ ನೋಡಿದೆ, ನನ್ನ ಅಕ್ಕನ ಮಗಳು ಎರಡನೇ ಕ್ಲಾಸು, ಆರಾಮಾಗಿ ತಳ್ಳಿ ನಕ್ಕಳು, ನಾನು ಹಲ್ಲು ಕಚ್ಕೊಂಡು ನಿಂತಿದ್ದೆ.

ಆದ್ರೆ ಈ ಲಾಭ ಇರೋದು ಒಂದು ಕ್ಷಣ ಮಾತ್ರ. ಕತ್ತಿ ಹಿಡಿದೋನು ಬುದ್ಧಿವಂತ ಆಗಿದ್ರೆ ತಿರುಚೋಕೆ ಎದುರು ಬಲ ಹಾಕಲ್ಲ, ಸುಮ್ನೆ ಹಿಂದಕ್ಕೆ ಎಳ್ಕೊಳ್ತಾನೆ, ಸಂದಿಯಿಂದ ಕತ್ತಿ ಜಾರಿ ಆಚೆ ಬಂದುಬಿಡತ್ತೆ. ಹಾಗಾಗಿ ಜಿತ್ತೆಯೋನು ಆ ಕ್ಷಣದಲ್ಲೇ ಒಳಕ್ಕೆ ನುಗ್ಗಿರಬೇಕು, ಖಾಲಿ ಕೈಲಿ ಅವನ ಮಣಿಕಟ್ಟನ್ನೋ ತೋಳನ್ನೋ ಹಿಡಿದಿರಬೇಕು. ಒಳಗೆ ಬಂದ್ಮೇಲೆ ಉದ್ದ ಕತ್ತಿ ಉಪಯೋಗಕ್ಕೆ ಬರಲ್ಲ, ಗಿಡ್ಡ ಸರಳು ಬರತ್ತೆ.

ಇಷ್ಟೆಲ್ಲಾ ಹೇಳಿ ಒಂದು ಮಾತು, ದೋಶಿನ್‌ಗೆ ದಿನಾ ಎದುರಾಗ್ತಿದ್ದೋನು ಕತಾನಾ ಹಿಡಿದ ಸಮುರಾಯ್ ಅಲ್ಲವೇ ಅಲ್ಲ. ಯಾವುದೋ ಪ್ರಭುವಿನ ಆಳಾಗಿರೋ ಸಮುರಾಯನ್ನ ಮುಟ್ಟೋ ಅಧಿಕಾರಾನೇ ಮಾಚಿ-ಬುಗ್ಯೋ ಕಚೇರಿಗೆ ಇರ್ಲಿಲ್ಲ, ಪ್ರಭುಗಳ ಬಂಗಲೆಗೂ ದೇವಸ್ಥಾನದ ಜಾಗಕ್ಕೂ ಇವರು ಕಾಲಿಡೋ ಹಾಗಿರ್ಲಿಲ್ಲ. ಒಡೆಯ ಇಲ್ಲದೆ ಪೇಟೆಯಲ್ಲಿ ಬಾಡಿಗೆ ಮನೇಲಿರೋ ರೋನಿನ್‌ಗಳು ಮಾತ್ರ ಇವರ ವ್ಯಾಪ್ತಿಗೆ ಬರ್ತಿದ್ರು, ಕತ್ತಿ ಎದುರಾದ್ರೆ ಬಹುಶಃ ಅವರಿಂದ. ಉಳಿದಂತೆ ಜೇಬುಗಳ್ಳ, ಜೂಜುಕೋರ, ಕುಡಿದು ಚಾಕು ತೆಗೆದೋನು. ಅಂಥೋನ ಮುಂದೆ ಕೊಕ್ಕೆಗೆ ಬೇರೆ ಕೆಲಸ ಇತ್ತು. ಕಿಮೋನೋ ತೋಳು ಎಷ್ಟು ಅಗಲ ಅಂತ ನಿಮಗೆ ಗೊತ್ತು, ಓಡೋನ ತೋಳಿಗೋ ಕೊರಳಪಟ್ಟಿಗೋ ಸೊಂಟಪಟ್ಟಿಗೋ ಕೊಕ್ಕೆ ಸಿಗಿಸಿ ಎಳೆದ್ರೆ ಮುಗೀತು, ಎತ್ತರದ ಕೊಂಬೆಯ ಮಾವಿನಕಾಯಿಗೆ ದೋಟಿ ಹಾಕಿ ಎಳೆದ ಹಾಗೆ. ಕೆಳಗೆ ಬಿದ್ದೋನ ಬಾಯಿಗೋ ಮೂಗಿಗೋ ಕೊಕ್ಕೆ ಹಾಕಿದ್ರೆ ಎಂಥ ಪೈಲ್ವಾನನೂ ಹೇಳಿದ ಕಡೆ ತಲೆ ತಿರುಗಿಸ್ತಾನೆ. ಕೊಕ್ಕೆಯೇ ಇಲ್ಲದ ತಮ್ಮನೂ ಒಬ್ಬ ಇದಾನೆ ಇದಕ್ಕೆ, ನಾಏಶಿ ಅಂತ, ಬರೀ ಸರಳು, ಹಿಡಿ, ಬಳೆ ಅಷ್ಟೇ, ಹೆಸರಿನ ಅರ್ಥ ಹೊಡೆದು ಕೈಕಾಲು ಸೋತುಹೋಗೋ ಹಾಗೆ ಮಾಡೋದು ಅಂತ.

ಹಿಡಿದ್ಮೇಲೆ ಹಗ್ಗ. ಬೇಡಿ ಬದಲು ಹಗ್ಗದಲ್ಲಿ ಕಟ್ಟೋದೇ ಒಂದು ದೊಡ್ಡ ವಿದ್ಯೆ, ಹೋಜೋಜುತ್ಸು ಅಂತಾರೆ. ಬೀದಿಯಲ್ಲಿ ಸಿಕ್ಕೋನನ್ನ ಗಬಕ್ಕನೆ ಸುತ್ತೋಕೆ ತೆಳು, ಗಿಡ್ಡ ಹಗ್ಗ, ಆಮೇಲೆ ಸಾವಕಾಶವಾಗಿ ಸರಿಯಾಗಿ ಕಟ್ಟೋಕೆ ಬೇರೆ ಹಗ್ಗ. ಜಿತ್ತೆ ಒಂದು ಕೈ ಆಯುಧ ಅಂದೆನಲ್ಲ, ಜೊತೆಗಿರೋ ಈ ಹಗ್ಗವನ್ನ ಬಿಟ್ಟು ಅದನ್ನ ನೋಡಿದ್ರೆ ಅರ್ಧ ನೋಡಿದ ಹಾಗೇ.

ದೊಡ್ಡ ಕೇಸಾದ್ರೆ, ಮನೆ ಒಳಗೆ ಯಾರೋ ಕತ್ತಿ ಹಿಡಿದು ಬಾಗಿಲು ಹಾಕ್ಕೊಂಡು ಕೂತಿದಾನೆ ಅಂದ್ರೆ, ಒಬ್ಬ ದೋಶಿನ್ ಹೋಗ್ತಿರ್ಲಿಲ್ಲ. ಯೋರಿಕಿ ಮೇಲ್ವಿಚಾರಣೆಗೆ ಬರ್ತಿದ್ದ, ದೋಶಿನ್‌ಗಳು ಒಳಗೆ ಸರಪಳಿ ಅಂಗಿ ತೊಟ್ಟು, ಹಣೆಗೆ ಕಬ್ಬಿಣದ ಪಟ್ಟಿ ಕಟ್ಟಿ, ಮಾಮೂಲಿಗಿಂತ ಉದ್ದದ ಜಿತ್ತೆ ಹಿಡಿದು ನಿಲ್ತಿದ್ರು, ಸುತ್ತ ಲಾಂದ್ರ, "ಗೋಯೋ!" ಅನ್ನೋ ಕೂಗು. ಗೋಯೋ ಅಂದ್ರೆ ಸರ್ಕಾರಿ ಕೆಲಸ ಅಂತ ಅರ್ಥ. ಜೊತೆಗೆ ಮೂರು ಉದ್ದ ಗಳುಗಳು, ಎರಡು ಮೀಟರಿಗೂ ಜಾಸ್ತಿ. ಸಸುಮಾತಾ ಅಂದ್ರೆ ತುದಿಗೆ ಇಂಗ್ಲಿಷಿನ ಯು ಆಕಾರ, ಸೊಂಟವನ್ನೋ ತೋಳನ್ನೋ ಗೋಡೆಗೆ ಒತ್ತಿ ಹಿಡಿಯೋಕೆ. ತ್ಸುಕುಬೋ ಅಂದ್ರೆ ಟಿ ಆಕಾರ, ತಳ್ಳೋಕೆ, ಕಾಲಿಗೆ ಕೊಟ್ಟು ಬೀಳಿಸೋಕೆ. ಸೋದೆಗರಾಮಿ ಅಂದ್ರೆ ತೋಳು ಸಿಕ್ಕಿಸೋದು, ತುದಿ ತುಂಬಾ ಹಿಂದೆ ಮುಂದೆ ತಿರುಗಿದ ಮುಳ್ಳುಗಳು, ಕಿಮೋನೋಗೆ ಸಿಗಿಸಿ ತಿರುವಿದ್ರೆ ಬಟ್ಟೆ ಸುತ್ತಿಕೊಳ್ಳತ್ತೆ. ಗಳುವಿನ ಮೇಲ್ಭಾಗದ ಸುತ್ತಲೂ ಮುಳ್ಳು ಇರತ್ತೆ, ಹಿಡಿದು ಕಿತ್ಕೊಳ್ಳೋ ಹಾಗಿಲ್ಲ. ಈ ಮೂರನ್ನ ಹಾಕೋನೆ ಚೆಕ್‌ಪೋಸ್ಟಿನಂಥ ಕಡೆ ಸಾಲಾಗಿ ನಿಲ್ಲಿಸಿರ್ತಿದ್ರು, ಹಾದುಹೋಗೋರಿಗೆ ಕಾಣೋ ಹಾಗೆ. ಅಲ್ಲಿ ಈಗ್ಲೂ ನೋಡೋಕೆ ಸಿಗತ್ತೆ.

ಇನ್ನು ಕುಚ್ಚು. ನಂಗೆ ತಮಾಷೆ ಅನ್ನಿಸಿದ್ದ ಅದೇ ಕುಚ್ಚು ಅಸಲಿಗೆ ಐಡಿ ಕಾರ್ಡು. ಎಡೋ ಕಚೇರಿಯ ಯೋರಿಕಿ, ದೋಶಿನ್‌ಗಳದ್ದು ಕುಂಕುಮದ ಕೆಂಪು. ಊರು, ಇಲಾಖೆ ಬದಲಾದ ಹಾಗೆ ಬಣ್ಣಾನೂ ಬದಲಾಗ್ತಿತ್ತು. ಯೂನಿಫಾರ್ಮ್ ಅನ್ನೋದು ಈಗಿನ ಹಾಗೆ ಇರ್ಲಿಲ್ಲ, ಬೀಟಿನ ದೋಶಿನ್ ಕಿಮೋನೋ ಮೇಲೆ ಹಾಓರಿ ಅನ್ನೋ ಕರೀ ಮೇಲಂಗಿ ಹಾಕಿ ಅದರ ಅಂಚನ್ನ ಸೊಂಟಪಟ್ಟಿಗೆ ಸಿಗಿಸಿ ಸ್ಟೈಲಾಗಿ ಓಡಾಡ್ತಿದ್ದ, ಆ ನಡೆಗೇ ಜನ ಗುರುತು ಹಿಡೀತಿದ್ರು. ಇವರೆಲ್ಲಾ ಇರ್ತಿದ್ದಿದ್ದು ಹಾಚೋಬೋರಿ ಅನ್ನೋ ಏರಿಯಾದಲ್ಲಿ, ಹಾಗಾಗಿ ಜನ "ಹಾಚೋಬೋರಿ ಯಜಮಾನ್ರು" ಅಂತಾನೇ ಕರೀತಿದ್ರು. ಯಜಮಾನ್ರ ಸಂಬಳ ಮಾತ್ರ ವರ್ಷಕ್ಕೆ 30 ಮೂಟೆ ಅಕ್ಕಿ, ಅದರ ಮೇಲೆ ಇಬ್ಬರ ಊಟಕ್ಕಾಗೋ ಪಡಿ.

ಆ ಸಂಬಳದಲ್ಲೇ ಅವನು ಬಾತ್ಮೀದಾರರನ್ನ ಸಾಕ್ಬೇಕು. ಅವರೇ ಒಕಪ್ಪಿಕಿಗಳು. ಸರ್ಕಾರದ ಪಟ್ಟಿಯಲ್ಲಿ ಇವರ ಹೆಸರೇ ಇಲ್ಲ, ದೋಶಿನ್ ತನ್ನ ಜೇಬಿಂದ ಒಂದಿಷ್ಟು ಪುಡಿಗಾಸು ಕೊಡ್ತಿದ್ದ, ಹೆಂಡತಿ ಹೆಸರಲ್ಲಿ ಅಂಗಡಿಯೋ ಸ್ನಾನದ ಮನೆಯೋ ನಡೆಸ್ಕೊಂಡು ಬದುಕ್ತಿದ್ರು. ಸುಮಾರು ಜನ ಹಿಂದೆ ತಾವೇ ಕಳ್ಳತನ ಜೂಜು ಅಂತ ಸಿಕ್ಕಿಬಿದ್ದೋರು, ಆ ಲೋಕದ ಸುದ್ದಿ ಅವರಿಗೆ ತಾನೇ ಗೊತ್ತಿರೋದು. ಸರ್ಕಾರದ ಹೆಸರು ಹೇಳ್ಕೊಂಡು ಅಂಗಡಿಯೋರ ಹತ್ರ ವಸೂಲಿ ಮಾಡ್ತಾರೆ ಅಂತ ಗಲಾಟೆ ಆಗಿ ಶೋಗನ್ ಸರ್ಕಾರ ಇಂಥೋರನ್ನ ಇಟ್ಕೋಬೇಡಿ ಅಂತ ಮತ್ತೆ ಮತ್ತೆ ಆದೇಶ ಹೊರಡಿಸ್ತು, 28 ಜನಕ್ಕೆ ಬೇರೆ ದಾರಿ ಇಲ್ಲದ ಕಾರಣ ಆದೇಶ ಒಂದು ಕಡೆ, ಕೆಲಸ ಒಂದು ಕಡೆ ನಡೀತಾ ಹೋಯ್ತು. ಟಿವಿ ಸೀರಿಯಲ್‌ಗಳಲ್ಲಿ ಒಕಪ್ಪಿಕಿ ಸೊಂಟದಲ್ಲಿ ಜಿತ್ತೆ ಸಿಗಿಸ್ಕೊಂಡು ಕೆಂಪು ಕುಚ್ಚು ಕುಣಿಸ್ತಾ ಬರ್ತಾನಲ್ಲ, ಅದು ಸುಳ್ಳು. ಅವನಿಗೆ ಜಿತ್ತೆ ಸಿಗ್ತಿದ್ದಿದ್ದು ಕೆಲಸ ಇದ್ದಾಗ, ದೋಶಿನ್ ಕೊಟ್ರೆ, ಅದಕ್ಕೆ ಕುಚ್ಚು ಇರ್ತಿರ್ಲಿಲ್ಲ, ಸೊಂಟದಲ್ಲಿ ತೋರಿಸ್ಕೊಂಡು ತಿರುಗೋ ಬದಲು ಬಟ್ಟೆಯೊಳಗೆ ಎದೆ ಹತ್ರ ಬಚ್ಚಿಟ್ಕೊಳ್ತಿದ್ದ. ಅದೇ ಸರಳು, ಅದೇ ಕೊಕ್ಕೆ, ಕುಚ್ಚು ಇದ್ರೆ ಸರ್ಕಾರ, ಇಲ್ಲ ಅಂದ್ರೆ ಸರ್ಕಾರದ ನೆರಳು.

ಮೂಲ ಎಲ್ಲಿ ಅನ್ನೋದಕ್ಕೆ ದಂತಕಥೆಗಳು ಬೇಕಾದಷ್ಟಿವೆ, ಅದರೊಳಗೆ ಹೋಗಲ್ಲ. ಖಡ್ಗವೀರ ಮಿಯಾಮೋತೊ ಮುಸಾಶಿ ಹೆಸರು ಕೇಳಿರ್ತೀರ, ಅವನ ಅಪ್ಪ ಮುನಿಸಾಯ್ ಜಿತ್ತೆಯಲ್ಲಿ ಹೆಸರು ಮಾಡಿದ್ದೋನು, ಅಂದ್ರೆ ಪೊಲೀಸ್ರ ಕೈಗೆ ಬರೋಕೂ ಮುಂಚೆ ಇದು ಯುದ್ಧವಿದ್ಯೆಯವರ ಹತ್ರ ಇತ್ತು. ಒಕಿನಾವಾ ದ್ವೀಪದ ಸಾಯ್ ಅನ್ನೋ ಆಯುಧ ಗೊತ್ತಿರೋರು ಎರಡೂ ಒಂದೇನಾ ಅಂತ ಕೇಳ್ತಾರೆ. ಸಾಯ್‌ಗೆ ಎರಡೂ ಕಡೆ ಕೊಂಬು, ಸಾಮಾನ್ಯವಾಗಿ ಜೋಡಿಯಾಗಿ ಎರಡು ಕೈಲಿ ಹಿಡಿಯೋದು. ಜಿತ್ತೆಗೆ ಒಂದೇ ಕೊಕ್ಕೆ, ಹಿಡಿಯೋದೂ ಒಂದೇ ಕೈಲಿ, ಕಾರಣ ನಿಮಗಾಗ್ಲೇ ಗೊತ್ತು, ಇನ್ನೊಂದು ಕೈಲಿ ಹಗ್ಗ ಇರ್ಬೇಕು.

1868ಕ್ಕೆ ಶೋಗನ್ ಆಡಳಿತ ಮುಗೀತು, ಮಾಚಿ-ಬುಗ್ಯೋ ಕಚೇರಿಗಳೂ ಮುಚ್ಚಿದ್ವು. 1874ರಲ್ಲಿ ಯುರೋಪಿನ ಮಾದರಿಯ ಟೋಕಿಯೋ ಪೊಲೀಸ್ ಇಲಾಖೆ ಶುರುವಾಯ್ತು, 1876ರಲ್ಲಿ ಸಮುರಾಯ್‌ಗಳು ಕತ್ತಿ ಕಟ್ಕೊಂಡು ತಿರುಗೋದಕ್ಕೂ ನಿಷೇಧ ಬಿತ್ತು. ಜಿತ್ತೆ ಮ್ಯೂಸಿಯಂ ಸೇರ್ತು, ಟೋಕಿಯೋದ ಮೇಜಿ ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿ ಅಪರಾಧ ಮತ್ತು ಶಿಕ್ಷೆಗೆ ಅಂತಾನೇ ಒಂದು ವಿಭಾಗ ಇದೆ, ಹೋದೋರು ನೋಡ್ಬಹುದು. ವಿದ್ಯೆ ಪೂರ್ತಿ ಸಾಯ್ಲಿಲ್ಲ, ಇಕ್ಕಾಕು-ರ್ಯೂ ಅನ್ನೋ ಪಂಥದಲ್ಲಿ ಇವತ್ತಿಗೂ ಒಬ್ಬ ಮರದ ಕತ್ತಿ ಹಿಡಿದು, ಇನ್ನೊಬ್ಬ ಜಿತ್ತೆ ಹಿಡಿದು ಅಭ್ಯಾಸ ಮಾಡ್ತಾರೆ. ಭಾಷೆಯಲ್ಲೂ ಉಳೀತು, ಹಳೇ ಕಾಲದ ಕಥೆಗಳಲ್ಲಿ ಒಬ್ಬ ಪೊಲೀಸ್ ಕೆಲಸದಲ್ಲಿದಾನೆ ಅನ್ನೋಕೆ "ಜಿತ್ತೆ ವಹಿಸ್ಕೊಂಡಿದಾನೆ" ಅಂತಾರೆ, ಅಂದ್ರೆ ಅದು ಅವನ ಸ್ವಂತದ್ದಲ್ಲ, ಯಾರೋ ನಂಬಿ ಕೈಗೆ ಕೊಟ್ಟಿರೋದು.

ನಿಜವಾಗ್ಲೂ ಡ್ಯೂಟಿಯಲ್ಲಿ ಉಳಿದಿದ್ದು ಸಸುಮಾತಾ. 2001ರ ಜೂನ್‌ನಲ್ಲಿ ಒಸಾಕಾದ ಇಕೇದಾದಲ್ಲಿ ಚಾಕು ಹಿಡಿದೋನೊಬ್ಬ ಪ್ರೈಮರಿ ಸ್ಕೂಲಿಗೆ ನುಗ್ಗಿ 8 ಮಕ್ಕಳನ್ನ ಕೊಂದ, ಆಮೇಲೆ ಜಪಾನಿನ ಶಾಲೆಗಳು ಅಲ್ಯೂಮಿನಿಯಂ ಸಸುಮಾತಾ ತಂದು ಕಾರಿಡಾರಿನ ಗೋಡೆಗೆ ನಿಲ್ಲಿಸಿದ್ವು, ಟೀಚರುಗಳು ಪೊಲೀಸ್ರ ಜೊತೆ ಡ್ರಿಲ್ ಮಾಡ್ತಾರೆ. 2023ರ ನವೆಂಬರಲ್ಲಿ ಟೋಕಿಯೋದ ಉಏನೋ ಏರಿಯಾದ ಒಂದು ಒಡವೆ ಅಂಗಡಿಗೆ ಹೆಲ್ಮೆಟ್ ಹಾಕಿದ ಮೂವರು ನುಗ್ಗಿದಾಗ ಅಂಗಡಿಯೋನು ಸಸುಮಾತಾ ಎತ್ಕೊಂಡು ಓಡಿಸಿದ ವಿಡಿಯೋ ನೀವೂ ನೋಡಿರ್ಬಹುದು. ಅವನು ಅದನ್ನ ದೊಣ್ಣೆ ಥರ ಎತ್ತೆತ್ತಿ ಬೀಸ್ತಿದ್ದ. ಅದು ಬೀಸೋಕೆ ಮಾಡಿದ್ದೇ ಅಲ್ಲ, ಇಬ್ಬರು ಮೂವರು ಸೇರಿ ಗೋಡೆಗೆ ಒತ್ತಿ ಹಿಡಿಯೋಕೆ ಇರೋದು, ಆದ್ರೆ ಅವತ್ತು ಅದನ್ನ ಹಿಡಿದೋನು ಒಬ್ಬನೇ, ಕಳ್ಳರು ಮೂವರು, ಬಂದ ಬೈಕನ್ನೂ ಬಿಟ್ಟು ಕಾಲ್ಕಿತ್ರು.